ಹೆಸರು ನೋಡಿ ಗೀಸರ್ ಕೊಳ್ಳಬಹುದೆ?

ಪ್ರಶ್ನೆ: ಏಳು ವರ್ಷಗಳಲ್ಲಿ ನಮ್ಮ ಮನೆಯ ಎರಡು ಗೀಸರ್‌ಗಳು ಕೆಟ್ಟು ಮೂಲೆ ಸೇರಿದವು. ಎರಡೂ ಬೇರೆ ಬೇರೆ ಕಂಪನಿಗಳವು, ಎರಡೂ ಹೆಸರಾಂತವೇ. ಮೊದಲನೆಯದರ ಟ್ಯಾಂಕ್ ತಳದಲ್ಲಿ ಸೋರತೊಡಗಿತು. ಎರಡನೆಯದರ ಎಲಿಮೆಂಟ್ ಎರಡು ಸಲ ಸುಟ್ಟುಹೋಯಿತು. ನಾವು ಬಳಸುವುದು ಕೊಳವೆಬಾವಿಯ ನೀರು. ಮೂರನೆಯದಕ್ಕೆ ಹಣ ಹಾಕುವ ಮೊದಲು ಕೇಳುತ್ತಿದ್ದೇನೆ: ಕಣ್ಣು ಮುಚ್ಚಿ ನಂಬಬಹುದಾದ ಬ್ರಾಂಡ್ ಯಾವುದು?

ಉತ್ತರ: ನಿಮ್ಮ ಪತ್ರದಲ್ಲಿ ನನ್ನ ಗಮನ ಸೆಳೆದದ್ದು ಕೊನೆಗೆ ಬರುವ ಕೊಳವೆಬಾವಿಯ ಮಾತು. ಬೇರೆ ಬೇರೆ ಕಾರ್ಖಾನೆಗಳಿಂದ ಬಂದ ಎರಡು ಯಂತ್ರಗಳು ಒಂದೇ ಮನೆಯಲ್ಲಿ ಅಲ್ಪಾಯುಷ್ಯದಲ್ಲಿ ಕೆಟ್ಟಿವೆ ಎಂದರೆ, ಎರಡರ ಒಳಗೂ ಹರಿದ ನೀರನ್ನು ಮೊದಲು ಅನುಮಾನಿಸುವುದು ನ್ಯಾಯ. ನೀರಿನ ಗಡಸುತನವನ್ನು, ಅಂದರೆ ಅದರಲ್ಲಿ ಕರಗಿರುವ ಸುಣ್ಣದಂಥ ಖನಿಜಗಳ ಪ್ರಮಾಣವನ್ನು, ಅಳೆಯಿಸದೆ ಮೂರನೆಯ ಯಂತ್ರವನ್ನು ತಂದರೆ ಅದೂ ಅದೇ ದಾರಿ ಹಿಡಿಯುವ ಸಾಧ್ಯತೆ ಹೆಚ್ಚು. ಒಂದು ಲೀಟರ್ ನೀರಿನಲ್ಲಿ, ಕ್ಯಾಲ್ಸಿಯಂ ಕಾರ್ಬೊನೇಟ್ ಲೆಕ್ಕದಲ್ಲಿ, 60 ಮಿಲಿಗ್ರಾಂವರೆಗೆ ಇದ್ದರೆ ಅದನ್ನು ಮೆದು ನೀರು ಎನ್ನುತ್ತಾರೆ; 120 ದಾಟಿದರೆ ಗಡಸು, 180 ದಾಟಿದರೆ ಅತಿ ಗಡಸು. ನೆಲದಾಳದ ನೀರು ಸುಣ್ಣಕಲ್ಲಿನ ಪದರಗಳ ಮೂಲಕ ಬಂದಿದ್ದರೆ ಈ ಕೊನೆಯ ಮಿತಿಯನ್ನು ಸುಲಭವಾಗಿ ದಾಟುತ್ತದೆ.

ಇಂಥ ನೀರು ಕಾದಾಗ ಅದರಲ್ಲಿ ಕರಗಿರುವ ಬೈಕಾರ್ಬೊನೇಟ್ ಒಡೆದು, ಕರಗದ ಸುಣ್ಣವಾಗಿ ಹೊರಬೀಳುತ್ತದೆ. ಎಲ್ಲಕ್ಕಿಂತ ಬಿಸಿಯಾದ ಜಾಗದಲ್ಲಿ, ಅಂದರೆ ಎಲಿಮೆಂಟಿನ ಮೈಮೇಲೆಯೇ, ಅದು ಮೊದಲು ಕೂರುತ್ತದೆ. ಕೂತ ಕಿಟ್ಟ ಕಂಬಳಿಯ ಹಾಗೆ ಶಾಖವನ್ನು ಒಳಗೇ ತಡೆಯುವುದರಿಂದ ಎಲಿಮೆಂಟ್ ತನ್ನ ಬೇಗೆಯಲ್ಲಿ ತಾನೇ ಬೆಂದು ಸುಡುತ್ತದೆ. ನಿಮ್ಮ ಎರಡನೆಯ ಯಂತ್ರಕ್ಕೆ ಬಹುಶಃ ಆದದ್ದು ಇದೇ. ಒಮ್ಮೆ ಇಂಥ ಒಂದು ಗೀಸರಿನ ತಳವನ್ನು ಬಿಚ್ಚಿಸುವಾಗ ನಾನು ಪಕ್ಕದಲ್ಲಿ ನಿಂತಿದ್ದೆ. ಮೆಕ್ಯಾನಿಕ್ ತಳದ ಬಿಲ್ಲೆಯನ್ನು ಎಳೆದೊಡನೆ ಮೊಟ್ಟೆಯ ಚಿಪ್ಪನ್ನು ಪುಡಿ ಮಾಡಿದಂಥ ಬಿಳಿಯ ಚೂರುಗಳು ಅರ್ಧ ಬಕೆಟ್ಟಿನಷ್ಟು ಸುರಿದವು. ಎಲಿಮೆಂಟಿನ ಪಕ್ಕದಲ್ಲಿ ಹೆಬ್ಬೆರಳಿನ ಗಾತ್ರದ ಸಲಾಕೆ ಇರಬೇಕಾಗಿದ್ದ ಕಡೆ ಒಂದು ಸಣ್ಣ ತಂತಿ ಮಾತ್ರ ನೇತಾಡುತ್ತಿತ್ತು. ಆ ಯಂತ್ರವನ್ನು ಐದು ವರ್ಷಗಳಲ್ಲಿ ಯಾರೂ ಒಮ್ಮೆಯೂ ತೆರೆದಿರಲಿಲ್ಲ.

ಆ ಸಲಾಕೆಯೇ ಆ್ಯನೋಡ್. ನಿಮ್ಮ ಮೊದಲನೆಯ ಯಂತ್ರದ ಸೋರಿಕೆಗೂ ಅದಕ್ಕೂ ಸಂಬಂಧವಿರಬಹುದು. ಹೆಚ್ಚಿನ ಟ್ಯಾಂಕುಗಳು ಉಕ್ಕಿನವು. ಒಳಮೈಗೆ ಗಾಜಿನ ಪುಡಿಯನ್ನು ಬಳಿದು, ಕುಲುಮೆಯಲ್ಲಿ ಕರಗಿಸಿ, ಎನಾಮಲ್ ಲೇಪ ಮಾಡಿರುತ್ತಾರೆ. ಎಷ್ಟೇ ನಾಜೂಕಾಗಿ ಮಾಡಿದರೂ ಆ ಲೇಪದಲ್ಲಿ ಸೂಜಿಮೊನೆಯಷ್ಟು ತೂತುಗಳು ಉಳಿಯುತ್ತವೆ. ಅಲ್ಲಿ ಉಕ್ಕು ತುಕ್ಕು ಹಿಡಿಯದಂತೆ, ಉಕ್ಕಿಗಿಂತ ಬೇಗ ಸವೆಯುವ ಮೆಗ್ನೀಸಿಯಂ ಅಥವಾ ಅಲ್ಯೂಮಿನಿಯಂ ಸಲಾಕೆಯನ್ನು ನೀರಿನಲ್ಲಿ ಮುಳುಗಿಸಿಟ್ಟಿರುತ್ತಾರೆ. ಟ್ಯಾಂಕಿನ ಬದಲಿಗೆ ಅದು ಕರಗುತ್ತದೆ. ಖನಿಜಾಂಶ ಹೆಚ್ಚಿರುವ ನೀರಿನಲ್ಲಿ ವಿದ್ಯುತ್ ಚೆನ್ನಾಗಿ ಹರಿಯುವುದರಿಂದ ಸಲಾಕೆ ಬೇಗ ಮುಗಿಯುತ್ತದೆ, ಮುಗಿದ ಮೇಲೆ ಸವೆಯುವ ಸರದಿ ಟ್ಯಾಂಕಿನದು. ಕೊಂಡ ಒಂದು ವರ್ಷಕ್ಕೆ ತೆರೆಸಿ ನೋಡಿ. ಅರ್ಧಕ್ಕಿಂತ ಹೆಚ್ಚು ಸವೆದಿದ್ದರೆ ಬದಲಿಸಿ, ಮುಂದೆಯೂ ವರ್ಷಕ್ಕೊಮ್ಮೆ ನೋಡುವ ರೂಢಿ ಇಟ್ಟುಕೊಳ್ಳಿ.

ಸ್ಟೇನ್‌ಲೆಸ್ ಸ್ಟೀಲ್ ಟ್ಯಾಂಕ್ ಕೊಂಡರೆ ಈ ರಗಳೆಯೇ ಇಲ್ಲ ಎಂದು ಅಂಗಡಿಯವರು ಹೇಳುವುದುಂಟು. ಆ ಮಾತು ಅರ್ಧ ನಿಜ. ಒಳ್ಳೆಯ ದರ್ಜೆಯ ಸ್ಟೇನ್‌ಲೆಸ್ ಟ್ಯಾಂಕ್ ಆ್ಯನೋಡ್ ಇಲ್ಲದೆಯೂ ಬಹುಕಾಲ ಬಾಳುತ್ತದೆ; ಆದರೆ ನೀರಿನಲ್ಲಿ ಕ್ಲೋರೈಡ್, ಅಂದರೆ ಉಪ್ಪಿನಂಶ, ಹೆಚ್ಚಿದ್ದರೆ ಬೆಸುಗೆಯ ಗೆರೆಗಳ ಬಳಿ ಚುಕ್ಕೆ ಚುಕ್ಕೆಯಾಗಿ ತೂತು ಬೀಳುತ್ತದೆ. ಸವುಳು ನೀರಿನ ಮನೆಗೆ ಅದನ್ನು ನಾನು ಸೂಚಿಸುವುದಿಲ್ಲ. ತಾಮ್ರದ ಟ್ಯಾಂಕ್ ಶಾಖಕ್ಕೆ ಒಳ್ಳೆಯದಾದರೂ ಆಮ್ಲೀಯ ನೀರಿಗೆ ತಾಳುವುದಿಲ್ಲ. ಹಾಗಾಗಿ ನೀರಿನ ವರದಿಯಲ್ಲಿ ಗಡಸುತನದ ಜೊತೆಗೆ ಕ್ಲೋರೈಡ್ ಮತ್ತು ಪಿಎಚ್ (ನೀರು ಎಷ್ಟು ಆಮ್ಲೀಯ ಎಂಬುದರ ಅಳತೆ) ಅಂಕಿಗಳನ್ನೂ ಕೇಳಿ ಪಡೆಯಿರಿ.

ಇನ್ನು ಬ್ರಾಂಡಿನ ವಿಚಾರ. ಹೊರಗಿನ ಹೆಸರು ಎಷ್ಟು ಹೇಳುತ್ತದೆ ಎಂಬುದಕ್ಕೆ ಮಾರುಕಟ್ಟೆಯಲ್ಲೇ ಉದಾಹರಣೆಗಳಿವೆ. ರೀಮ್ ಮತ್ತು ರೂಡ್ ಎಂಬ ಎರಡು ಹಳೆಯ ಹೆಸರುಗಳು ಒಂದೇ ಸಂಸ್ಥೆಯವು. ಅರಿಸ್ಟನ್, ಎಲ್ಕೋ, ರಾಕೋಲ್ಡ್ ಮೂರೂ ಒಂದೇ ಸಮೂಹಕ್ಕೆ ಸೇರಿವೆ. ಒಂದೇ ಹೆಸರಿನ ಅಡಿಯಲ್ಲಿ ಎನಾಮಲ್ ಟ್ಯಾಂಕಿನ ಮಾದರಿ, ಸ್ಟೇನ್‌ಲೆಸ್ ಮಾದರಿ, ಅಗ್ಗದ ಮಾದರಿ ಎಲ್ಲವೂ ಪಕ್ಕಪಕ್ಕದಲ್ಲೇ ಕೂತಿರುವುದೂ ಸಾಮಾನ್ಯ. ಆದ್ದರಿಂದ ಯಾವ ಕಂಪನಿ ಎಂದು ಕೇಳುವುದಕ್ಕಿಂತ ಯಾವ ಮಾದರಿ, ಅದನ್ನು ಬಿಚ್ಚಿ ಸರಿಪಡಿಸುವವರು ನಿಮ್ಮ ಮನೆಗೆ ಎಷ್ಟು ಹತ್ತಿರ ಎಂದು ಕೇಳುವುದು ಉಪಯುಕ್ತ. ನಾನಾದರೆ ಮಾರುವವರ ಮುಂದೆ ಮೂರು ಪ್ರಶ್ನೆಗಳನ್ನು ಇಡುತ್ತೇನೆ: ಯಂತ್ರವನ್ನು ಗೋಡೆಯಿಂದ ಇಳಿಸದೆ ಆ್ಯನೋಡನ್ನು ಹೊರತೆಗೆಯಬಹುದೆ, ಈ ಮಾದರಿಯ ಆ್ಯನೋಡ್ ಮತ್ತು ನೀರು ಸೋರದಂತೆ ತಡೆಯುವ ಗ್ಯಾಸ್ಕೆಟ್ ಈ ಹೊತ್ತು ನಿಮ್ಮಲ್ಲಿ ದಾಸ್ತಾನು ಇವೆಯೆ, ಇದೇ ಮಾದರಿ ಮಾರಾಟದಲ್ಲಿ ಎಷ್ಟು ವರ್ಷಗಳಿಂದ ಇದೆ? ಎರಡನೆಯ ಪ್ರಶ್ನೆಗೆ ತರಿಸಿ ಕೊಡುತ್ತೇವೆ ಎಂಬ ಉತ್ತರ ಬಂದರೆ, ಹೆಸರು ಎಷ್ಟೇ ದೊಡ್ಡದಿರಲಿ, ನಾನು ಮುಂದಿನ ಅಂಗಡಿಗೆ ಹೋಗುತ್ತೇನೆ.

ವಾರಂಟಿ ಪತ್ರವನ್ನು ಕೊಂಡ ಮೇಲೆ ಓದುವುದು ನಮ್ಮೆಲ್ಲರ ಅಭ್ಯಾಸ. ಇಲ್ಲಿ ಅದನ್ನು ತಿರುವು ಮುರುವು ಮಾಡಬೇಕು. ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ ಕಾಣುವ ವರ್ಷಗಳು ಸಾಮಾನ್ಯವಾಗಿ ಟ್ಯಾಂಕಿಗೆ ಮಾತ್ರ. ಎಲಿಮೆಂಟಿಗೆ ಅದಕ್ಕಿಂತ ಕಡಿಮೆ, ಥರ್ಮೋಸ್ಟಾಟ್ ಮತ್ತು ವಾಲ್ವುಗಳಿಗೆ ಇನ್ನೂ ಕಡಿಮೆ ಅವಧಿ ಇರುತ್ತದೆ. ಹಲವು ಪತ್ರಗಳಲ್ಲಿ ನೀರಿನ ಗಡಸುತನಕ್ಕೆ ಒಂದು ಮಿತಿಯನ್ನೂ, ಆ್ಯನೋಡನ್ನು ಕಾಲಕಾಲಕ್ಕೆ ಬದಲಿಸಿರಬೇಕೆಂಬ ಷರತ್ತನ್ನೂ ಸಣ್ಣಕ್ಷರದಲ್ಲಿ ಸೇರಿಸಿರುತ್ತಾರೆ. ನಿಮ್ಮ ನೀರು ಆ ಮಿತಿಯನ್ನು ಮೀರಿದ್ದರೆ ಹತ್ತು ವರ್ಷದ ವಾರಂಟಿಯೂ ನಿಮ್ಮ ಪಾಲಿಗೆ ಕಾಗದದ ಚೂರು. ಆಗ ನೀರನ್ನು ಮೆದುಗೊಳಿಸುವ ಸಾಧನಕ್ಕೆ ಖರ್ಚು ಮಾಡಿ, ಮಧ್ಯಮ ಬೆಲೆಯ ಗೀಸರ್ ಕೊಳ್ಳುವುದೇ ಲೇಸು. ಮೆದುಗೊಳಿಸಿದ ನೀರಿನಲ್ಲಿಯೂ ಆ್ಯನೋಡ್ ಸವೆಯುತ್ತದೆ, ಕೆಲವೊಮ್ಮೆ ಇನ್ನೂ ಬೇಗ. ತಪಾಸಣೆ ಮಾತ್ರ ತಪ್ಪಿಸಬೇಡಿ.

ಥರ್ಮೋಸ್ಟಾಟನ್ನು 60 ಡಿಗ್ರಿ ಸೆಲ್ಸಿಯಸ್‌ನಲ್ಲಿ ನಿಲ್ಲಿಸಿ. ಅದಕ್ಕಿಂತ ಮೇಲೆ ಹೋದಂತೆ ಸುಣ್ಣ ಕೂರುವ ವೇಗ ಹೆಚ್ಚುತ್ತದೆ. ಬಹಳ ಕೆಳಗಿಳಿಸಿದರೆ, ಅದರಲ್ಲೂ 20ರಿಂದ 45 ಡಿಗ್ರಿಯ ನಡುವೆ ನೀರು ದಿನಗಟ್ಟಲೆ ನಿಂತರೆ, ಶ್ವಾಸಕೋಶಕ್ಕೆ ಸೋಂಕು ತರುವ ಲೀಜಿಯೊನೆಲ್ಲಾ ಬ್ಯಾಕ್ಟೀರಿಯಾ ಬೆಳೆಯಲು ಅನುಕೂಲವಾಗುತ್ತದೆ. ಆದರೆ 60 ಡಿಗ್ರಿಯ ನೀರು ಕೆಲವೇ ಸೆಕೆಂಡುಗಳಲ್ಲಿ ಚರ್ಮವನ್ನು ಸುಡಬಲ್ಲದು. ಮಕ್ಕಳು ಅಥವಾ ವೃದ್ಧರು ಇರುವ ಮನೆಯಲ್ಲಿ ನಲ್ಲಿಗೆ ಮೊದಲು ತಾಪವನ್ನು ಹದಗೊಳಿಸುವ ಮಿಶ್ರಣ ವಾಲ್ವ್ ಹಾಕಿಸಿ.

ಪ್ರಶ್ನೆ: ನಾವು ನಾಲ್ವರು, ಬೆಳಿಗ್ಗೆ ಒಬ್ಬರ ಹಿಂದೆ ಒಬ್ಬರು ಸ್ನಾನಕ್ಕೆ ಹೋಗುತ್ತೇವೆ. 3 ಕಿಲೋವಾಟ್‌ನ ಪುಟ್ಟ ಇನ್‌ಸ್ಟಂಟ್ ಗೀಸರ್ ಸಾಕು, ಕರೆಂಟೂ ಉಳಿಯುತ್ತದೆ ಎಂದು ಒಬ್ಬರು, 25 ಲೀಟರಿನದು ಬೇಕೇ ಬೇಕು ಎಂದು ಇನ್ನೊಬ್ಬರು ಹೇಳುತ್ತಾರೆ. ಯಾರನ್ನು ನಂಬಲಿ?

ಉತ್ತರ: ಇಬ್ಬರನ್ನೂ ಬಿಟ್ಟು ಲೆಕ್ಕವನ್ನು ನಂಬಿ. ಒಂದು ಯೂನಿಟ್ ವಿದ್ಯುತ್ ಸುಮಾರು 860 ಲೀಟರ್ ನೀರಿನ ತಾಪವನ್ನು ಒಂದು ಡಿಗ್ರಿ ಏರಿಸುತ್ತದೆ. ಯಾವ ಕಂಪನಿಯ ಯಂತ್ರವೂ ಎಲಿಮೆಂಟಿನಿಂದ ಇದಕ್ಕಿಂತ ಹೆಚ್ಚು ಪಡೆಯಲಾರದು. ಆ ಪ್ರಕಾರ 3 ಕಿಲೋವಾಟ್‌ನ ಇನ್‌ಸ್ಟಂಟ್ ಯಂತ್ರ ನೀರನ್ನು 25 ಡಿಗ್ರಿಯಷ್ಟು ಏರಿಸುತ್ತಾ ನಿಮಿಷಕ್ಕೆ ಒಂದೂ ಮುಕ್ಕಾಲು ಲೀಟರಿಗಿಂತ ಹೆಚ್ಚು ಕೊಡಲಾರದು. ಕೈ ತೊಳೆಯಲು, ಪಾತ್ರೆ ತೊಳೆಯಲು ಅದು ಧಾರಾಳ. ಶವರಿಗೆ ಅದು ಹನಿ ನೀರಾವರಿ. 25 ಲೀಟರಿನ ಟ್ಯಾಂಕನ್ನು 25ರಿಂದ 60 ಡಿಗ್ರಿಗೆ ಕಾಯಿಸಲು ಒಂದು ಯೂನಿಟ್, 2 ಕಿಲೋವಾಟ್ ಎಲಿಮೆಂಟಾದರೆ ಅರ್ಧ ಗಂಟೆ ಹಿಡಿಯುತ್ತದೆ. ಅದಕ್ಕೆ ತಣ್ಣೀರು ಬೆರೆಸಿ 40 ಡಿಗ್ರಿಗೆ ತಂದರೆ ಲೆಕ್ಕದ ಪ್ರಕಾರ 58 ಲೀಟರ್ ಆಗುತ್ತದೆ. ಬಿಸಿನೀರು ಖಾಲಿಯಾಗುತ್ತಾ ಬಂದಂತೆ ಒಳಬರುವ ತಣ್ಣೀರು ಸ್ವಲ್ಪ ಬೆರೆಯುವುದರಿಂದ 45 ಲೀಟರ್ ಎಂದುಕೊಳ್ಳಿ. ಬಕೆಟ್ಟಿನಲ್ಲಿ ಮೀಯುವವರಾದರೆ ಇಬ್ಬರಿಗೆ ಸಾಕು, ಮೂರನೆಯವರ ಹೊತ್ತಿಗೆ ಯಂತ್ರ ಮತ್ತೆ ಕಾದಿರುತ್ತದೆ. ನಾಲ್ವರೂ ಶವರ್ ಬಳಸುವವರಾದರೆ 50 ಲೀಟರಿನದನ್ನು ನೋಡಿ. ಉಳಿತಾಯದ ಮಾತಿನಲ್ಲಿ ಸತ್ಯವಿಲ್ಲದೆ ಇಲ್ಲ: ಟ್ಯಾಂಕ್ ಸುಮ್ಮನೆ ನಿಂತಿದ್ದರೂ ಶಾಖ ಸೋರುತ್ತಿರುತ್ತದೆ. ದಿನಕ್ಕೆ ಎಷ್ಟು ಯೂನಿಟ್ ಹೀಗೆ ನಷ್ಟವಾಗುತ್ತದೆ ಎಂಬ ಅಂಕಿ ಮಾದರಿಯ ವಿವರಪತ್ರದಲ್ಲಿರುತ್ತದೆ. ಎರಡು ಬ್ರಾಂಡುಗಳ ನಡುವೆ ಮನಸ್ಸು ತೂಗುತ್ತಿದ್ದರೆ ಆ ಒಂದು ಅಂಕಿಯನ್ನು ಹೋಲಿಸಿ, ಕಡಿಮೆ ಇರುವುದನ್ನು ಆರಿಸಿ.

ಪ್ರಶ್ನೆ: ಹೊಸ ಗೀಸರಿನ ಬಿಸಿನೀರು ಕೊಳೆತ ಮೊಟ್ಟೆಯ ವಾಸನೆ ಹೊಡೆಯುತ್ತಿದೆ. ತಣ್ಣೀರಿಗೆ ವಾಸನೆಯಿಲ್ಲ. ಕಳಪೆ ಬ್ರಾಂಡಿಗೆ ಮೋಸ ಹೋದೆವೆ?

ಉತ್ತರ: ಹೋಗಿಲ್ಲ ಎಂದೇ ಅನಿಸುತ್ತದೆ. ನೀರಿನಲ್ಲಿ ಸಲ್ಫೇಟ್ ಇದ್ದು, ಅದನ್ನು ಹೈಡ್ರೋಜನ್ ಸಲ್ಫೈಡ್ ಆಗಿಸುವ ಬ್ಯಾಕ್ಟೀರಿಯಾಗಳೂ ಇದ್ದರೆ, ಮೆಗ್ನೀಸಿಯಂ ಆ್ಯನೋಡ್ ಅವುಗಳಿಗೆ ಅನುಕೂಲ ಮಾಡಿಕೊಡುತ್ತದೆ. ಟ್ಯಾಂಕನ್ನು ಪೂರ್ತಿ ಬಸಿದು, ಸೋಂಕು ನಿವಾರಿಸಿ, ಅಲ್ಯೂಮಿನಿಯಂ ಮತ್ತು ಸತುವು ಬೆರೆತ ಆ್ಯನೋಡ್ ಹಾಕಿಸಿದರೆ ಸಾಮಾನ್ಯವಾಗಿ ವಾಸನೆ ಹೋಗುತ್ತದೆ. ಸಲಾಕೆಯನ್ನೇ ಕಿತ್ತು ಬಿಸಾಡಿ ಎಂದು ಸಲಹೆ ಕೊಡುವವರ ಮಾತು ಕೇಳಬೇಡಿ. ವಾಸನೆಯ ಜೊತೆಗೆ ಟ್ಯಾಂಕಿನ ಆಯುಷ್ಯವೂ ಹೋಗುತ್ತದೆ.

ಪ್ರಶ್ನೆ: ಗ್ಯಾಸ್ ಗೀಸರುಗಳಲ್ಲಿ ಯಾವ ಕಂಪನಿಯದನ್ನು ಬಚ್ಚಲುಮನೆಯೊಳಗೆ ಹಾಕಬಹುದು?

ಉತ್ತರ: ಕೋಣೆಯ ಗಾಳಿಯನ್ನೇ ಬಳಸಿ ಉರಿಯುವ ಯಂತ್ರವಾದರೆ ಯಾವ ಕಂಪನಿಯದನ್ನೂ ಬೇಡ. ಗೀಸರ್ ಎಂಬ ಹೆಸರು ಐಸ್‌ಲ್ಯಾಂಡಿನ ಬಿಸಿನೀರಿನ ಬುಗ್ಗೆಯದು. 1868ರಲ್ಲಿ ಲಂಡನ್ನಿನ ಬೆಂಜಮಿನ್ ವಾಡಿ ಮಾನ್ ತನ್ನ ಗ್ಯಾಸ್ ಯಂತ್ರಕ್ಕೆ ಅದನ್ನು ಇಟ್ಟ. ಆ ಮೊದಲ ಯಂತ್ರಕ್ಕೆ ಹೊಗೆ ಹೊರಹಾಕುವ ಕೊಳವೆಯೇ ಇರಲಿಲ್ಲ, ಮತ್ತು ಅದೇ ಅದರ ದೊಡ್ಡ ಅಪಾಯವಾಗಿತ್ತು. ಬಾಗಿಲು ಮುಚ್ಚಿದ ಸಣ್ಣ ಕೋಣೆಯಲ್ಲಿ ಆಮ್ಲಜನಕ ಕಡಿಮೆಯಾದಂತೆ ಜ್ವಾಲೆ ಕಾರ್ಬನ್ ಮಾನಾಕ್ಸೈಡ್ ಉಗುಳುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆಸುತ್ತು ಬಂದಿತೆಂದು ತಿಳಿಯುವಷ್ಟರಲ್ಲಿ ಚಿಲಕ ತೆಗೆಯುವ ಶಕ್ತಿಯೂ ಉಳಿದಿರುವುದಿಲ್ಲ. ಯಂತ್ರ ಹೊರಗೋಡೆಯ ಮೇಲಿರಲಿ, ಇಲ್ಲವೇ ಗಾಳಿಯನ್ನು ಹೊರಗಿನಿಂದಲೇ ಎಳೆದು ಹೊಗೆಯನ್ನು ಹೊರಕ್ಕೇ ಬಿಡುವ ಮುಚ್ಚಿದ ಉರಿಕೋಣೆಯ ಮಾದರಿಯನ್ನು ಪರಿಣತರಿಂದ ಅಳವಡಿಸಿಸಿ.

ಪ್ರಶ್ನೆ: ಯಂತ್ರ ಕಾಯುವಾಗಲೆಲ್ಲ ಪಕ್ಕದ ವಾಲ್ವಿನಿಂದ ನೀರು ತೊಟ್ಟಿಕ್ಕುತ್ತದೆ. ಕಂಪನಿಯ ಬಿಡಿಭಾಗವೇ ಕಳಪೆ, ಮುಚ್ಚಿಬಿಡುತ್ತೇನೆ ಎನ್ನುತ್ತಾರೆ ನಮ್ಮ ಪ್ಲಂಬರ್.

ಉತ್ತರ: ದಯವಿಟ್ಟು ಮುಚ್ಚಲು ಬಿಡಬೇಡಿ. 25 ಲೀಟರ್ ನೀರು 25ರಿಂದ 60 ಡಿಗ್ರಿಗೆ ಕಾಯುವಾಗ ಹಿಗ್ಗಿ ಸುಮಾರು 350 ಮಿಲಿಲೀಟರಿನಷ್ಟು ಹೆಚ್ಚಾಗುತ್ತದೆ. ಒಳಬರುವ ದಾರಿಯಲ್ಲಿ ಹಿಂದಿರುಗದ ವಾಲ್ವ್ ಇರುವುದರಿಂದ ಆ ನೀರಿಗೆ ಬೇರೆ ಹಾದಿಯಿಲ್ಲ, ಸುರಕ್ಷತಾ ವಾಲ್ವಿನಿಂದ ತೊಟ್ಟಿಕ್ಕುತ್ತದೆ. ಕಾಯುವಾಗ ಮಾತ್ರ ತೊಟ್ಟಿಕ್ಕಿ, ಕಾದ ಮೇಲೆ ನಿಲ್ಲುತ್ತಿದ್ದರೆ ವಾಲ್ವ್ ತನ್ನ ಕೆಲಸವನ್ನು ಸರಿಯಾಗಿ ಮಾಡುತ್ತಿದೆ. ಹಗಲೂ ರಾತ್ರಿ ಸುರಿಯುತ್ತಿದ್ದರೆ ಒಳಗೆ ಕಿಟ್ಟ ಸಿಕ್ಕಿಕೊಂಡಿರಬೇಕು, ಅಥವಾ ಮನೆಗೆ ಬರುವ ನೀರಿನ ಒತ್ತಡ ಮಿತಿ ಮೀರಿರಬೇಕು. ಮೇಲಿನ ಟ್ಯಾಂಕ್ ಗೀಸರಿಗಿಂತ ಎಷ್ಟು ಎತ್ತರದಲ್ಲಿದೆ ನೋಡಿ: ಪ್ರತಿ 10 ಮೀಟರಿಗೆ ಸುಮಾರು ಒಂದು ಬಾರ್ ಒತ್ತಡ ಸೇರುತ್ತದೆ. ಒತ್ತಡ ಹೆಚ್ಚಿಸುವ ಪಂಪ್ ಇದ್ದರೆ ಅದನ್ನೂ ಕೂಡಿಸಿ, ಯಂತ್ರದ ಫಲಕದ ಮೇಲೆ ಬರೆದಿರುವ ಬಾರ್ ಅಂಕಿಯ ಜೊತೆ ಹೋಲಿಸಿ. ಪ್ಲಂಬರಿಗೆ ಕೆಲಸ ಕೊಡಲೇಬೇಕೆಂದಿದ್ದರೆ, ಆ ವಾಲ್ವಿನ ಬಾಯಿಗೆ ಒಂದು ಸಣ್ಣ ಕೊಳವೆ ಸೇರಿಸಿ, ಅದರ ಇನ್ನೊಂದು ತುದಿಯನ್ನು ತೆರೆದೇ ಇಟ್ಟು ಚರಂಡಿಯ ಕಡೆಗೆ ಇಳಿಬಿಡಲು ಹೇಳಿ.