5500 ಸಾಕಾ, 5600 ಬೇಕಾ?

ಪ್ರಶ್ನೆ: ನನ್ನ ಹತ್ತಿರ ಬಿ450 ಬೋರ್ಡ್, ರೈಜೆನ್ 3 2200ಜಿ ಪ್ರೊಸೆಸರ್, 8 ಜಿಬಿಯ ಒಂದೇ ರ‍್ಯಾಮ್ ಸ್ಟಿಕ್ ಇದೆ. ಈಚೆಗೆ ಆರ್‌ಎಕ್ಸ್ 6600 ಗ್ರಾಫಿಕ್ಸ್ ಕಾರ್ಡ್ ಹಾಕಿಸಿದೆ. ಮಾನಿಟರ್ 1080ಪಿ, 144 ಹರ್ಟ್ಸ್. ಜಾಸ್ತಿ ಆಡುವುದು ಕೌಂಟರ್-ಸ್ಟ್ರೈಕ್ 2. ಗುಂಡಿನ ಚಕಮಕಿ ಜೋರಾದಾಗ ಆಟ ತಡವರಿಸುತ್ತದೆ. ಪ್ರೊಸೆಸರ್ ಬದಲಿಸಬೇಕು ಅಂತಿದ್ದೇನೆ. ರೈಜೆನ್ 5 5500, 5600 ಎರಡರಲ್ಲೂ 6 ಕೋರ್, 12 ಥ್ರೆಡ್. ಗರಿಷ್ಠ ವೇಗದಲ್ಲಿ 200 ಮೆಗಾಹರ್ಟ್ಸ್ ವ್ಯತ್ಯಾಸ ಅಷ್ಟೆ. ಅದಕ್ಕೋಸ್ಕರ ಜಾಸ್ತಿ ದುಡ್ಡು ಕೊಡಬೇಕಾ?

ಉತ್ತರ: ವ್ಯತ್ಯಾಸ ಆ 200 ಮೆಗಾಹರ್ಟ್ಸ್ ಒಂದೇ ಆಗಿದ್ದರೆ ಬೇಡ ಅಂತಲೇ ಹೇಳುತ್ತಿದ್ದೆ. ಆದರೆ ನೀವು ನೋಡಬೇಕಾದ್ದು ಎಲ್3 ಕ್ಯಾಶ್ ಮೆಮೊರಿ (ಪ್ರೊಸೆಸರ್ ಒಳಗೇ ಇರುವ ಚಿಕ್ಕ, ವೇಗದ ಮೆಮೊರಿ) ಅನ್ನುವ ಸಾಲು. 5500ರಲ್ಲಿ ಅದು 16 ಎಂಬಿ, 5600ರಲ್ಲಿ 32 ಎಂಬಿ.

ಎರಡೂ 2022ರ ಏಪ್ರಿಲ್‌ನಲ್ಲಿ ಒಟ್ಟಿಗೇ ಬಂದವು. ಹೆಸರು ನೋಡಿದರೆ ಅಣ್ಣ-ತಮ್ಮ ಅನ್ನಿಸುತ್ತದೆ. ಒಳಗಿನ ಚಿಪ್ ಮಾತ್ರ ಬೇರೆ ಬೇರೆ. 5500ರಲ್ಲಿ ಇರುವುದು ಒಳಗೇ ಗ್ರಾಫಿಕ್ಸ್ ಇರುವ ಮಾದರಿಗಳಿಗೆ ಮಾಡಿದ ಚಿಪ್. ಅದರ ಗ್ರಾಫಿಕ್ಸ್ ಭಾಗವನ್ನು ಆಫ್ ಮಾಡಿ ಕೊಟ್ಟಿದ್ದಾರೆ.

ಕ್ಯಾಶ್‌ಗೆ ಇಷ್ಟು ಮಹತ್ವ ಯಾಕೆ? 144 ಹರ್ಟ್ಸ್ ಅಂದರೆ ಪರದೆಯ ಚಿತ್ರ (ಫ್ರೇಮ್) ಸೆಕೆಂಡಿಗೆ 144 ಸಲ ಬದಲಾಗುತ್ತದೆ, ಹಾಗಾಗಿ ಒಂದೊಂದು ಫ್ರೇಮ್‌ಗೆ ಸುಮಾರು 7 ಮಿಲಿಸೆಕೆಂಡ್ ಮಾತ್ರ ಸಮಯ. ಅಷ್ಟರೊಳಗೆ ಯಾರು ಎಲ್ಲಿದ್ದಾರೆ, ಗುಂಡು ಯಾರಿಗೆ ತಗುಲಿತು ಎಂಬ ಲೆಕ್ಕವೆಲ್ಲ ಮುಗಿಯಬೇಕು. ಬೇಕಾದ ಮಾಹಿತಿ ಕ್ಯಾಶ್‌ನಲ್ಲೇ ಇದ್ದರೆ ತಕ್ಷಣ ಕೈಗೆ ಸಿಗುತ್ತದೆ. ಇಲ್ಲದಿದ್ದರೆ ರ‍್ಯಾಮ್‌ವರೆಗೆ ಹೋಗಿ ತರಬೇಕು. ಅದಕ್ಕೆ ಹಲವು ಪಟ್ಟು ಜಾಸ್ತಿ ಹೊತ್ತು ಹಿಡಿಯುತ್ತದೆ, ಅಲ್ಲಿಯವರೆಗೆ ಕೋರ್ ಸುಮ್ನೆ ಕಾಯುತ್ತದೆ. ರೈಜೆನ್ 7 5800ಎಕ್ಸ್3ಡಿ ನೋಡಿ. ಅದರ ಗರಿಷ್ಠ ವೇಗ 5800ಎಕ್ಸ್‌ಗಿಂತ 200 ಮೆಗಾಹರ್ಟ್ಸ್ ಕಡಿಮೆಯೇ. ಆದರೂ 96 ಎಂಬಿ ಕ್ಯಾಶ್ ಇರುವುದರಿಂದ ಗೇಮಿಂಗ್‌ನಲ್ಲಿ ಮುಂದಿದೆ.

ಈ ವ್ಯತ್ಯಾಸ ಎಲ್ಲರಿಗೂ ಕಾಣುವುದಿಲ್ಲ. 60 ಹರ್ಟ್ಸ್ ಮಾನಿಟರ್‌ನಲ್ಲಿ ಕಥೆ ಇರುವ ಆಟ ಆಡುವವರಿಗೆ 5500 ಧಾರಾಳ ಸಾಕು. ನಿಮ್ಮದು ಹಾಗಲ್ಲ. ನೀವು ಆಡುವ ಆಟದಲ್ಲಿ ಭಾರ ಬೀಳುವುದು ಪ್ರೊಸೆಸರ್ ಮೇಲೆ. ಅನುಮಾನವಿದ್ದರೆ ಆಟದ ರೆಸಲ್ಯೂಷನ್ ಇಳಿಸಿ ನೋಡಿ. ಆಗಲೂ ಎಫ್‌ಪಿಎಸ್ (ಸೆಕೆಂಡಿಗೆ ಮೂಡುವ ಫ್ರೇಮ್‌ಗಳ ಸಂಖ್ಯೆ) ಏರದಿದ್ದರೆ ತಡೆ ಇರುವುದು ಗ್ರಾಫಿಕ್ಸ್ ಕಾರ್ಡ್‌ನಲ್ಲಲ್ಲ.

ಗ್ರಾಫಿಕ್ಸ್ ಕಾರ್ಡ್ ಜೊತೆ ಮಾಹಿತಿ ಸಾಗುವ ದಾರಿಯಾದ ಪಿಸಿಐಇ 5600ರಲ್ಲಿ 4.0 ಆವೃತ್ತಿಯದು, 5500ರಲ್ಲಿ 3.0 ಮಾತ್ರ ಅಂತ ಯಾರಾದರೂ ಹೇಳಬಹುದು. ಮಾತು ನಿಜ. ಆದರೆ ನಿಮ್ಮ ಬಿ450 ಬೋರ್ಡೇ 3.0 ಆದ್ದರಿಂದ ನಿಮಗೆ ಅದರ ಲಾಭವಿಲ್ಲ.

ನನಗೆ ನಿಜವಾಗಿ ಚಿಂತೆಯಾಗಿರುವುದು ನಿಮ್ಮ ಒಂಟಿ ರ‍್ಯಾಮ್ ಸ್ಟಿಕ್. ಒಂದೇ ಸ್ಟಿಕ್ ಇದ್ದರೆ ಮೆಮೊರಿ ಒಂದೇ ಚಾನೆಲ್‌ನಲ್ಲಿ ಓಡುತ್ತದೆ, ಅಂದರೆ ದಾರಿಯೇ ಅರ್ಧ. ಕ್ಯಾಶ್ ಚಿಕ್ಕದಿರುವ 5500 ರ‍್ಯಾಮ್ ಕಡೆಗೆ ಓಡುವುದೇ ಜಾಸ್ತಿ, ಹಾಗಾಗಿ ಅದಕ್ಕೆ ಪೆಟ್ಟೂ ಜಾಸ್ತಿ. ಜೊತೆಗೆ ಈಗಿನ ಆಟಗಳಿಗೆ 8 ಜಿಬಿ ಸಾಲುವುದೂ ಇಲ್ಲ.

ಆದ್ದರಿಂದ ಮೊದಲು ಇನ್ನೊಂದು 8 ಜಿಬಿ ಸ್ಟಿಕ್ ತಗೊಳ್ಳಿ. ಈಗಿನ 2200ಜಿಗೂ ಅದು ನೆರವಾಗುತ್ತದೆ, ಮುಂದೆ ಹೊಸ ಪ್ರೊಸೆಸರ್‌ಗೂ ಬರುತ್ತದೆ. ಆಮೇಲೆ ಕೈಯಲ್ಲಿ ದುಡ್ಡು ಕೂಡಿದಾಗ 5600 ತಗೊಳ್ಳಿ. ಅವಸರಕ್ಕೆ 5500 ಕೊಂಡು, ವರ್ಷದ ನಂತರ ಮತ್ತೆ ಬದಲಿಸುವ ಖರ್ಚು ನಿಮಗೆ ಬೇಡ.

ಪ್ರೊಸೆಸರ್ ಕೈಗೆ ಬಂದ ಕೂಡಲೇ ಹಳೆಯದನ್ನು ಕಿತ್ತು ಹಾಕಬೇಡಿ. 2200ಜಿ ಕೂತಿರುವಾಗಲೇ, ಕಂಪ್ಯೂಟರ್ ಆನ್ ಆದಾಗ ಮೊದಲು ಓಡುವ ತಂತ್ರಾಂಶವಾದ ಬೋರ್ಡ್‌ನ ಬಯಾಸ್ ಅಪ್‌ಡೇಟ್ ಮಾಡಿ. ಹಳೆಯ ಬಯಾಸ್ ಇದ್ದರೆ ಬಿ450 ಬೋರ್ಡ್ 5600ನ್ನು ಗುರುತಿಸದೇ ಹೋಗಬಹುದು, ಆಗ ಪರದೆ ಕಪ್ಪಾಗಿಯೇ ಇರುತ್ತದೆ. ನಿಮ್ಮ ಬೋರ್ಡ್ ಮಾದರಿಗೆ ಯಾವ ಆವೃತ್ತಿ ಬೇಕೆಂದು ತಯಾರಕರ ಪಟ್ಟಿಯಲ್ಲಿ ನೋಡಿಕೊಳ್ಳಿ. ಇನ್ನೊಂದು ವಿಷಯ: 2200ಜಿಯಲ್ಲಿ ಗ್ರಾಫಿಕ್ಸ್ ಒಳಗೇ ಇತ್ತು, 5600ರಲ್ಲಿ ಇಲ್ಲ. ಮಾನಿಟರ್ ಕೇಬಲ್ ಬೋರ್ಡ್‌ಗೆ ಸಿಕ್ಕಿಸಿದ್ದರೆ ಏನೂ ಕಾಣಿಸುವುದಿಲ್ಲ, ಗ್ರಾಫಿಕ್ಸ್ ಕಾರ್ಡ್‌ಗೇ ಸಿಕ್ಕಿಸಿ. ಕೊನೆಗೆ ಬಯಾಸ್‌ನಲ್ಲಿ ಎಕ್ಸ್‌ಎಂಪಿ (ರ‍್ಯಾಮ್ ಅನ್ನು ಅದರ ಪೂರ್ಣ ವೇಗದಲ್ಲಿ ಓಡಿಸುವ ಸೆಟ್ಟಿಂಗ್) ಆನ್ ಮಾಡಿ. ಇಲ್ಲದಿದ್ದರೆ 3200ರ ರ‍್ಯಾಮ್ ಕೂಡ ಅದಕ್ಕಿಂತ ಕಡಿಮೆ ವೇಗದಲ್ಲಿ ಓಡುತ್ತಿರಬಹುದು.