ಮೀಟಿಂಗ್ ಎಲ್ಲಿ ನಡೆಯುತ್ತದೆ, ಯಾರನ್ನು ಕೇಳಲಿ?

ಪ್ರಶ್ನೆ: ನನಗೆ 41 ವರ್ಷ. ತಿಪಟೂರಿನ ಕಡೆಯವನು, ಸಹಕಾರ ಸಂಘದಲ್ಲಿ ಕೆಲಸ. 12 ವರ್ಷದ ಕುಡಿತ. ಆಸ್ಪತ್ರೆಯಲ್ಲಿದ್ದು ಬಂದು 22 ದಿನ ಆಯ್ತು, ಇನ್ನೂ ಮುಟ್ಟಿಲ್ಲ. ಮನೆಗೆ ಕಳಿಸುವಾಗ ಡಾಕ್ಟರು ‘ಎಎ ಮೀಟಿಂಗಿಗೆ ಹೋಗಿ’ ಎಂದರು, ಎಲ್ಲಿ ಅಂತ ಹೇಳಲಿಲ್ಲ. ಇಂಗ್ಲಿಷ್ ಅಷ್ಟಕ್ಕಷ್ಟೆ. ಯಾರಾದರೂ ನೋಡಿಬಿಟ್ಟರೆ ಎಂಬ ಭಯ ಬೇರೆ. ಅಮ್ಮ ಯಾರೋ ಕೊಟ್ಟ ಪುಡಿಯನ್ನು ನನಗೆ ಗೊತ್ತಾಗದಂತೆ ಸಾರಿಗೆ ಹಾಕು ಎಂದು ನನ್ನ ಹೆಂಡತಿಗೆ ಹೇಳಿದ್ದಾರಂತೆ. ಏನು ಮಾಡಲಿ?

ಉತ್ತರ: 22 ದಿನ ಸಣ್ಣದಲ್ಲ. ಆಸ್ಪತ್ರೆ ಮೈಯಿಂದ ಮದ್ಯ ಇಳಿಸುತ್ತದೆ, ಅಷ್ಟೇ. ಸಂಜೆ ಆರೂವರೆಗೆ ಸಂಘದ ಬಾಗಿಲು ಹಾಕಿ ಹೊರಗೆ ಬಂದಾಗ ಕಾಲು ಯಾವ ಕಡೆ ಎಳೆಯುತ್ತದಲ್ಲ, ಅದಕ್ಕೆ ಆಸ್ಪತ್ರೆಯಲ್ಲಿ ಔಷಧ ಕಡಿಮೆ. ಗುಂಪು ಬೇಕಾಗುವುದು ಆ ಹೊತ್ತಿಗೆ.

ಎಎ ಅಂದರೆ ಆಲ್ಕೊಹಾಲಿಕ್ಸ್ ಅನಾನಿಮಸ್, ಕುಡಿತ ಬಿಡಲು ಕುಡುಕರೇ ಒಬ್ಬರಿಗೊಬ್ಬರು ನೆರವಾಗುವ ಗುಂಪು. ಅದು ಶುರುವಾಗಿದ್ದೇ ಒಂದು ಫೋನ್ ಕರೆಯಿಂದ ಅನ್ನಬಹುದು. 1935ರಲ್ಲಿ ಅಮೆರಿಕದ ಆಕ್ರನ್ ಊರಿನಲ್ಲಿ, ಕುಡಿತ ಬಿಟ್ಟು ಕೆಲವೇ ತಿಂಗಳಾಗಿದ್ದ ಬಿಲ್ ಎಂಬ ಷೇರು ವ್ಯವಹಾರದವನು ಕೆಲಸ ಕೆಟ್ಟು ಹೋಟೆಲಿನಲ್ಲಿ ಒಂಟಿಯಾಗಿ ನಿಂತಿದ್ದ. ಒಂದು ಕಡೆ ಬಾರ್, ಇನ್ನೊಂದು ಕಡೆ ಟೆಲಿಫೋನ್. ಅವನು ಚರ್ಚಿನವರಿಗೆ ಫೋನ್ ಮಾಡಿ, ಮಾತಾಡಲು ಇನ್ನೊಬ್ಬ ಕುಡುಕ ಬೇಕು ಎಂದು ಕೇಳಿದ. ಹಾಗೆ ಸಿಕ್ಕವರು ಬಾಬ್ ಎಂಬ ಸರ್ಜನ್. ಇಬ್ಬರೂ ಸೇರಿ ಕಟ್ಟಿದ್ದೇ ಈ ಗುಂಪು. ನಮ್ಮ ದೇಶಕ್ಕೆ 1957ರಲ್ಲಿ ಮುಂಬೈಗೆ ಬಂತು. ನೀವೂ ಈಗ ಅದೇ ಫೋನ್ ಮಾಡಬೇಕು.

ಎಎ ಇಂಡಿಯಾದ ಜಾಲತಾಣದಲ್ಲಿ ಸಹಾಯವಾಣಿ ನಂಬರುಗಳಿರುತ್ತವೆ. ಹುಡುಕುವಾಗ ಹುಷಾರು, ಮೇಲೆ ಬರುವುದು ಹೆಚ್ಚಾಗಿ ಖಾಸಗಿ ವ್ಯಸನಮುಕ್ತಿ ಕೇಂದ್ರಗಳ ಜಾಹೀರಾತು. ಸದಸ್ಯತ್ವಕ್ಕೆ ದುಡ್ಡು ಕಟ್ಟಿ ಎಂದರೆ ಅದು ಎಎ ಅಲ್ಲ. ಇಲ್ಲಿ ಶುಲ್ಕವೂ ಇಲ್ಲ, ಅರ್ಜಿಯೂ ಇಲ್ಲ. ಕುಡಿತ ಬಿಡುವ ಆಸೆ ಇದ್ದರೆ ಸಾಕು. ಫೋನಿನಲ್ಲಿ ಮೂರೇ ಮಾತು ಕೇಳಿ: ಕನ್ನಡದ ಮೀಟಿಂಗ್ ಎಲ್ಲಿದೆ, ಯಾವ ದಿನ, ಮೊದಲ ಸಲ ಬರುವವನ ಜೊತೆ ಯಾರಾದರೂ ಬರುತ್ತಾರಾ. ಆ ಕಡೆ ಮಾತಾಡುವವರು ಸಾಮಾನ್ಯವಾಗಿ ಕುಡಿತ ಬಿಟ್ಟವರೇ, ನಾಚಿಕೆ ಬೇಡ. ಅಲ್ಲಿ ಸಿಗದಿದ್ದರೆ ಸರ್ಕಾರದ ವ್ಯಸನಮುಕ್ತಿ ಸಹಾಯವಾಣಿ 14446 ಇದೆ. ಮನಸ್ಸು ತೀರಾ ಕುಸಿದರೆ ಟೆಲಿ ಮನಸ್ 14416, ಹಗಲು ರಾತ್ರಿ, ಕನ್ನಡದಲ್ಲೇ. ಜಿಲ್ಲಾಸ್ಪತ್ರೆಯ ಮನೋವೈದ್ಯ ವಿಭಾಗದಲ್ಲೂ ಕೇಳಿ. ಹತ್ತಿರದ ಗುಂಪುಗಳ ವಿವರ ಅವರಲ್ಲಿ ಇರುವುದುಂಟು. ಇನ್ನೊಂದು ದಾರಿ, ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಮದ್ಯವರ್ಜನ ಶಿಬಿರ ಮುಗಿಸಿದವರ ನವಜೀವನ ಸಮಿತಿಗಳು. ಹಳ್ಳಿ ಕಡೆ ಎಎಗಿಂತ ಇದೇ ಬೇಗ ಸಿಗಬಹುದು.

ಭಯದ ವಿಷಯಕ್ಕೆ ಬರೋಣ. ಆ ಕೋಣೆಯಲ್ಲಿ ನಿಮ್ಮನ್ನು ನೋಡುವವನೂ ಅದೇ ಕಾರಣಕ್ಕೆ ಬಂದಿರುತ್ತಾನೆ, ಅಲ್ವಾ? ಬಾರ್ ಮುಂದೆ ಬೈಕ್ ನಿಲ್ಲಿಸುವಾಗ ಯಾರು ನೋಡಿಯಾರು ಅಂತ ನೀವು ಎಷ್ಟು ಸಲ ಯೋಚಿಸಿದ್ದಿರಿ! ಇರಲಿ, ಸಣ್ಣ ಊರಿನ ಸಂಕಟ ನನಗೂ ಗೊತ್ತು. ತುಮಕೂರಿನಲ್ಲೋ ಬೆಂಗಳೂರಿನಲ್ಲೋ ಸಿಕ್ಕಿದರೆ ರೈಲು ಹತ್ತಿ ಹೋಗಿಬನ್ನಿ. ನಡುವೆ ಫೋನಿನಲ್ಲೇ ಆನ್‌ಲೈನ್ ಮೀಟಿಂಗ್ ಕೇಳಿ, ಕ್ಯಾಮೆರಾ ಹಾಕದಿದ್ದರೂ ನಡೆಯುತ್ತದೆ. ‘ಕ್ಲೋಸ್ಡ್’ ಎಂದರೆ ಕುಡಿತದ ತೊಂದರೆ ಇರುವವರಿಗೆ ಮಾತ್ರ, ‘ಓಪನ್’ ಎಂದರೆ ಹೆಂಡತಿಯನ್ನೂ ಕರೆದೊಯ್ಯಬಹುದು.

ಜಾಗ ಎಷ್ಟೋ ಸಲ ಚರ್ಚಿನ ಹಿಂದಿನ ಕೋಣೆಯೋ ಶಾಲೆಯ ಕ್ಲಾಸ್ ರೂಮೋ ಆಗಿರುತ್ತದೆ. ಮತಕ್ಕೂ ಇದಕ್ಕೂ ಸಂಬಂಧವಿಲ್ಲ, ಕಡಿಮೆ ಬಾಡಿಗೆಗೆ ಸಿಗುತ್ತದೆ ಅಷ್ಟೆ. ಒಂದು, ಒಂದೂವರೆ ಗಂಟೆ. ಒಬ್ಬೊಬ್ಬರೇ ಬರೀ ಹೆಸರು ಹೇಳಿ, ‘ನಾನೊಬ್ಬ ಆಲ್ಕೊಹಾಲಿಕ್’ ಎಂದು ತಮ್ಮ ಕಥೆ ಹೇಳುತ್ತಾರೆ. ಮಧ್ಯೆ ಯಾರೂ ಬುದ್ಧಿ ಹೇಳುವುದಿಲ್ಲ. ‘ಇವತ್ತು ಸುಮ್ನೆ ಕೇಳ್ತೀನಿ’ ಎಂದರೂ ನಡೆಯುತ್ತದೆ. ಕಾಣಿಕೆ ಚೀಲ ಬಂದರೆ ಹಾಕಿ, ಹಾಕದಿದ್ದರೂ ಯಾರೂ ಕೇಳುವುದಿಲ್ಲ. ದೇವರ ಮಾತು ಬರುತ್ತದೆ. ಅದು ನಿಮಗೆ ತಿಳಿದ ಹಾಗಿನ ದೇವರು, ಬೇಡವಾದರೆ ಆ ಗುಂಪೇ ಶಕ್ತಿ ಎಂದುಕೊಳ್ಳುವವರೂ ಇದ್ದಾರೆ. ಮೊದಲ ಗುಂಪು ಹಿಡಿಸದಿದ್ದರೆ ಎಎ ಸರಿಯಿಲ್ಲ ಎಂದು ತೀರ್ಮಾನಿಸಬೇಡಿ. ಗುಂಪಿನಿಂದ ಗುಂಪಿಗೆ ಬಹಳ ವ್ಯತ್ಯಾಸ. ಕಡೇಪಕ್ಷ ಐದಾರು ಮೀಟಿಂಗ್ ನೋಡಿ. ಮುಗಿದ ಕೂಡಲೇ ಓಡಬೇಡಿ, ಟೀ ಕುಡಿಯುವಾಗ ಒಬ್ಬರ ನಂಬರ್ ತೆಗೆದುಕೊಳ್ಳಿ. ಆರೂವರೆಗೆ ಬೇಕಾಗುವುದು ಆ ನಂಬರೇ.

ಡಾಕ್ಟರ್ ಕೊಟ್ಟ ಮಾತ್ರೆಯನ್ನು ಗುಂಪಿನಲ್ಲಿ ಯಾರೋ ಹೇಳಿದರೆಂದು ಬಿಡಬೇಡಿ. ಜಾರಿ ಮತ್ತೆ ದಿನವೂ ಕುಡಿಯುವಂತಾದರೆ ಮನೆಯಲ್ಲೇ ಥಟ್ಟನೆ ನಿಲ್ಲಿಸಲೂ ಹೋಗಬೇಡಿ. ಫಿಟ್ಸ್ ಬರಬಹುದು, ಎರಡು ಮೂರು ದಿನಕ್ಕೆ ಭ್ರಮೆ ಹಿಡಿಯಬಹುದು, ಜೀವಕ್ಕೇ ಅಪಾಯ. ಮೊದಲು ಆಸ್ಪತ್ರೆ, ಆಮೇಲೆ ಮೀಟಿಂಗ್.

ಕೊನೆಗೆ ಆ ಪುಡಿ. ಇದನ್ನು ಅಮ್ಮನಿಗೆ ಓದಿ ಹೇಳಿ. ಅಂಥ ಪುಡಿಯಲ್ಲಿ ಡೈಸಲ್ಫಿರಾಮ್ ಎಂಬ, ಕುಡಿದರೆ ಮೈಗೆ ಆಗದಂತೆ ಮಾಡುವ ಔಷಧ ಇದ್ದರೆ, ಅದು ಗೊತ್ತಿಲ್ಲದೆ ನೀವು ಒಂದು ಪೆಗ್ ಹಾಕಿದರೂ ಮುಖ ಕೆಂಪಾಗಿ, ವಾಂತಿಯಾಗಿ, ಬಿಪಿ ಇಳಿದು ಪ್ರಾಣಕ್ಕೇ ಬರಬಹುದು. ಡಾಕ್ಟರು ಕೊಡುವುದಾದರೂ ರೋಗಿಗೆ ಹೇಳಿ, ಒಪ್ಪಿಸಿ, ಪರೀಕ್ಷೆ ಮಾಡಿಸಿ ಕೊಡುವ ಔಷಧ ಅದು. ಹೆಂಡತಿಗೆ ಬೇಕಿರುವುದು ಪುಡಿಯಲ್ಲ, ಅಲ್-ಅನಾನ್. ಕುಡಿಯುವವರ ಮನೆಯವರಿಗೆಂದೇ ಇರುವ ಬೇರೆ ಗುಂಪು ಅದು. ಎಎಗೆ ಫೋನ್ ಮಾಡಿದಾಗ ಅದರ ವಿಳಾಸವನ್ನೂ ಕೇಳಿಕೊಳ್ಳಿ.