39ನೇ ವಯಸ್ಸಿನಲ್ಲಿ ಜರ್ಮನ್ ಕಲಿಯಲು ಹೊರಟಿದ್ದೀನಿ. ವ್ಯಾಕರಣ ಪೂರ್ತಿ ಮುಗಿಸಿಕೊಂಡು ಆಮೇಲೆ ಮಾತಾಡಲು ಶುರು ಮಾಡಲಾ?

ಅಯ್ಯೋ, ಇದು ನನ್ನದೇ ಕಥೆ. 41ಕ್ಕೆ ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ಬಂದಿಳಿದವನು ನಾನು. ಅದಕ್ಕೆ ಮೊದಲು ಇಂದಿರಾನಗರದ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಎ2 (ಎರಡನೇ ಹಂತ) ವರೆಗೆ ಓದಿದ್ದೆ, ಅಂಕಗಳೂ ಚೆನ್ನಾಗಿದ್ದವು. ಬಾಯಿ ಮಾತ್ರ ಬಿಡುತ್ತಿರಲಿಲ್ಲ. ಜರ್ಮನ್‌ನಲ್ಲಿ ಚಮಚ ಗಂಡು, ಫೋರ್ಕು ಹೆಣ್ಣು, ಚಾಕು ನಪುಂಸಕ. ಇದನ್ನೆಲ್ಲ ತಲೆಯಲ್ಲಿ ಜೋಡಿಸಿಕೊಳ್ಳುವಷ್ಟರಲ್ಲಿ ಎದುರಿನವರು ಇಂಗ್ಲಿಷಿಗೆ ಹೊರಳಿರುತ್ತಿದ್ದರು.

ಎರಡನೇ ತಿಂಗಳು ಬಾಡಿಗೆ ಮನೆ ಹುಡುಕುತ್ತಿದ್ದೆ. ಓನರ್ ಅಜ್ಜಿ ಫೋನಿನಲ್ಲಿ 'ಹಾಲ್ಪ್ ಡ್ರೈ'ಗೆ ಬನ್ನಿ ಅಂದರು. ಹಾಲ್ಪ್ ಅಂದರೆ ಅರ್ಧ, ಡ್ರೈ ಅಂದರೆ ಮೂರು. ನಮ್ಮ ಲೆಕ್ಕಕ್ಕೆ ಮೂರೂವರೆ ತಾನೇ? 'ಯಾ, ಯಾ' ಅಂದು ಫೋನ್ ಇಟ್ಟೆ. ಐದು ನಿಮಿಷ ಮೊದಲೇ ಹೋಗಿ ಬೆಲ್ ಒತ್ತಿದರೆ ಅಜ್ಜಿ ಏನೂ ಹೇಳದೆ ಗೋಡೆ ಗಡಿಯಾರದ ಕಡೆ ಕೈ ತೋರಿಸಿದರು. ಅಲ್ಲಿನವರಿಗೆ ಅದು ಎರಡೂವರೆ, ಮೂರನೇ ಗಂಟೆ ಅರ್ಧ ಆಯಿತು ಅಂತ. ಮನೆ ಬೇರೆಯವರ ಪಾಲಾಗಿತ್ತು.

ಗಂಟೆ ಹೇಳೋ ರೀತಿ ಗೊತ್ತಿರಲಿಲ್ಲ ಅಂತಲ್ಲ. ಎ1 ಪುಸ್ತಕದಲ್ಲೇ ಗಡಿಯಾರದ ಚಿತ್ರ ನೋಡಿ ಇದನ್ನು ಸರಿಯಾಗಿ ಬರೆದಿದ್ದೆ. ಕಣ್ಣಿಗೆ ಗೊತ್ತಿತ್ತು, ಕಿವಿಗೆ ಗೊತ್ತಿರಲಿಲ್ಲ. ಅದೂ ಹೋಗಲಿ, '15.30ಕ್ಕಾ?' ಅಂತ ಒಂದು ಸಲ ವಾಪಸ್ ಕೇಳಿದ್ದರೆ ಅಜ್ಜಿ 'ನೈನ್, ನೈನ್' (ಅಲ್ಲ, ಅಲ್ಲ) ಅಂತ ತಿದ್ದುತ್ತಿದ್ದರು. ಅಲ್ಲಿ ರೈಲು, ಆಫೀಸು ಎಲ್ಲ 24 ಗಂಟೆ ಲೆಕ್ಕವೇ, ಆ ಅಂಕಿಗಳೂ ನನಗೆ ಬರುತ್ತಿದ್ದವು. ಕೇಳಲಿಲ್ಲ. ಯಾಕೆ ಅಂದರೆ 'ಇಷ್ಟು ಗಂಟೆಗೆ' ಅನ್ನೋಕೆ ಗಂಟೆಗೆ ಮೊದಲು 'ಉಮ್' ಹಾಕಬೇಕೋ 'ಆಮ್' ಹಾಕಬೇಕೋ ಅಂತ ಅನುಮಾನ! ಒಂದು 'ಉಮ್'ಗೆ ಹೆದರಿ ಮನೆ ಕಳಕೊಂಡೆ. ಆಮೇಲೆ ನಾಲ್ಕು ತಿಂಗಳು ತಾತ್ಕಾಲಿಕ ರೂಮಿಗೆ ದುಬಾರಿ ಬಾಡಿಗೆ, ಬಟ್ಟೆಯೆಲ್ಲ ಸೂಟ್‌ಕೇಸಿನಲ್ಲೇ.

ಹಾಗಾಗಿ ನಿಮ್ಮ ಪ್ರಶ್ನೆಯೇ ತಲೆಕೆಳಗು ಅಂತೀನಿ. ಮೊದಲ ವಾರವೇ 'ವೀ ಬಿಟ್ಟೆ?' (ಏನಂದ್ರಿ?), 'ನೋಖ್ ಐನ್‌ಮಾಲ್' (ಇನ್ನೊಂದ್ಸಲ) ಬಾಯಿಪಾಠ ಮಾಡಿ, ನಾಚಿಕೆ ಬಿಟ್ಟು ಬಳಸಿ. ಕ್ಲಾಸಿಗೂ ಹೋಗಿ, ಬೇಡ ಅನ್ನಲ್ಲ.

ವಯಸ್ಸಿನ ಚಿಂತೆಯಂತೂ ಬಿಡಿ, ಕನ್ನಡ ಇದೆಯಲ್ಲ. 'ಮಿಯರ್ ಇಸ್ಟ್ ಕಾಲ್ಟ್' ಅಂದರೆ ನನಗೆ ಚಳಿ. ಆ 'ಮಿಯರ್' ನಮ್ಮ 'ನನಗೆ'ಯೇ. ನಾನು ಇಂಗ್ಲಿಷಿನ ಬೆನ್ನು ಹತ್ತಿ 'ಇಶ್ ಬಿನ್ ಕಾಲ್ಟ್' ಅಂತಿದ್ದೆ, 'ನಾನು ಕಲ್ಲುಮನಸ್ಸಿನವನು' ಅಂದ ಹಾಗೆ! 'ವೈಲ್' (ಯಾಕೆಂದರೆ) ಬಂದರೆ ಕ್ರಿಯಾಪದ ವಾಕ್ಯದ ಕೊನೆಗೆ ಹೋಗುತ್ತೆ ಅಂತ ಇಂಗ್ಲಿಷಿನವರು ಒದ್ದಾಡ್ತಾರೆ. ನಮಗೆ ಅದು ಹುಟ್ಟಿನಿಂದ ಬಂದ ಅಭ್ಯಾಸ.

ಲಿಂಗ ಈಗಲೂ ತಪ್ಪುತ್ತೆ. ಪುಸ್ತಕದಲ್ಲಿ ಬೆಣ್ಣೆ ಹೆಣ್ಣು, 'ಡೀ ಬುಟ್ಟರ್'. ನಮ್ಮ ಬೀದಿಯ ಬೇಕರಿಯಮ್ಮ ಅಪ್ಪಟ ಶ್ವಾಬಿಯನ್ (ಈ ಸೀಮೆಯವರು), ಅವರು ಹೇಳೋದು 'ಡೇರ್ ಬುಟ್ಟರ್', ಅಂದರೆ ಬೆಣ್ಣೆ ಗಂಡು.